ತಟ್ಟೆಯಲ್ಲಿ ಎರಡು ಚೀಟಿ

ಅಮೆರಿಕದಲ್ಲಿ ಆಮಿಶ್ ಎಂಬ ಜನರಿದ್ದಾರೆ, ಅವರು ಎಲೆಕ್ಷನ್ನಿನ ಗೊಡವೆಗೇ ಹೋಗುವುದಿಲ್ಲ ಎಂದು ನನಗೆ ಹೇಳಿದವರು ಸಿಡ್ನಿಯ ನಮ್ಮ ಕನ್ನಡ ಸಂಘದ ಅಧ್ಯಕ್ಷರು. ನಾವೆಲ್ಲ ಅವರನ್ನು ಅಂಕಲ್ ಎನ್ನುತ್ತಿದ್ದೆವು. ಉಡುಪಿ ಕಡೆಯವರು. ಅಮೆರಿಕದಲ್ಲಿದ್ದ ಮಗಳ ಮನೆಗೆ ಹೋಗಿ ಬಂದವರು ಮುಂದಿನ ಕಮಿಟಿ ಮೀಟಿಂಗಿನಲ್ಲಿ ಬೇರೆ ವಿಷಯವನ್ನೇ ಎತ್ತಲಿಲ್ಲ.

"ಕುದುರೆ ಗಾಡಿ, ಕರೆಂಟಿಲ್ಲ, ಟೀವಿ ಇಲ್ಲ. ವೋಟೂ ಇಲ್ಲ ಮಾರಾಯ್ರೆ! ಅವರ ಪಾದ್ರಿಯನ್ನು ಆರಿಸೋದಕ್ಕೂ ಚೀಟಿ. ಹಾಡಿನ ಪುಸ್ತಕಗಳಲ್ಲಿ ಒಂದರೊಳಗೆ ಇಡ್ತಾರೆ. ಯಾರ ಕೈಗೆ ಆ ಪುಸ್ತಕ ಬಂತೋ ಅವನೇ ಪಾದ್ರಿ. ಜಗಳ ಉಂಟಾ? ದೇವರೇ ಆರಿಸಿದ ಮೇಲೆ ಎಂತ ಜಗಳ?"

ಇದನ್ನು ಹೇಳಿದ ಮನುಷ್ಯ ಫೆಡರಲ್ ಎಲೆಕ್ಷನ್ ದಿನ ಗಿರಾವೀನ್‌ನ ಶಾಲೆಯ ಮತಗಟ್ಟೆಯ ಮುಂದೆ ಬಾಗಿಲು ತೆರೆಯುವ ಮೊದಲೇ ಕ್ಯೂ ನಿಲ್ಲುತ್ತಿದ್ದರು. ಆಸ್ಟ್ರೇಲಿಯಾದಲ್ಲಿ ವೋಟು ಹಾಕದಿದ್ದರೆ ಫೈನ್ ಬೀಳುತ್ತದಲ್ಲ! ಆದರೆ ಸಂಘದೊಳಗೆ ವೋಟು ಎಂದರೆ ಅವರಿಗೆ ಮೈಲಿಗೆ. ಸಂಘ ಹುಟ್ಟಿದಾಗಿನಿಂದ ಅಲ್ಲಿ ಎಲೆಕ್ಷನ್ ನಡೆದಿರಲಿಲ್ಲ. ಒಬ್ಬರು ಅಂಕಲ್ ಹೆಸರು ಹೇಳುವುದು, ಇನ್ನೊಬ್ಬರು ಅನುಮೋದಿಸುವುದು, ಎಲ್ಲರೂ ಚಪ್ಪಾಳೆ ತಟ್ಟಿ ಊಟಕ್ಕೆ ಏಳುವುದು. ಇದಕ್ಕೆ ಅವಿರೋಧ ಆಯ್ಕೆ ಎಂದು ಹೆಸರು. ಕಾರ್ಯದರ್ಶಿಯಾಗಿ ಆ ಮಾತನ್ನು ವರ್ಷವರ್ಷವೂ ನಡಾವಳಿ ಪುಸ್ತಕದಲ್ಲಿ ಬರೆಯುತ್ತಿದ್ದವಳು ನಾನೇ.

ಆ ವರ್ಷ ವಿರೋಧಕ್ಕೆ ಒಬ್ಬಳು ನಿಂತಳು. ಧಾರವಾಡದವಳು, ನನ್ನ ಗೆಳತಿ. ಭಾನುವಾರ ಬೆಳಿಗ್ಗೆ ತನ್ನ ಗ್ಯಾರೇಜಿನಿಂದ ಕಾರು ಹೊರಗೆ ತೆಗೆದು, ಕಂಬಳಿ ಹಾಸಿ, ಹನ್ನೊಂದು ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದಳು. ಇಲ್ಲಿ ಜುಲೈ ಎಂದರೆ ಚಳಿಗಾಲ, ಮಕ್ಕಳ ಬೆರಳು ಮರಗಟ್ಟುತ್ತಿದ್ದವು. ಸಂಘ ಶಾಲೆಯೊಂದರಲ್ಲಿ ರೂಮು ಹಿಡಿದುಕೊಡಲಿ ಎಂದು ಮೂರು ಸಲ ಅರ್ಜಿ ಕೊಟ್ಟಳು. ಸಂಘದ ಕೆಲಸ ಯುಗಾದಿ, ರಾಜ್ಯೋತ್ಸವ ಮಾಡುವುದು, ಟ್ಯೂಷನ್ ನಡೆಸುವುದಲ್ಲ ಎಂದರು ಅಂಕಲ್. ಹಾಗಾದರೆ ನಾನೇ ಅಧ್ಯಕ್ಷೆಯಾಗುತ್ತೇನೆ ಎಂದು ಅವಳು ಮನೆಮನೆ ತಿರುಗಿದಳು. ಹ್ಯಾರಿಸ್ ಪಾರ್ಕಿನ ಇಂಡಿಯನ್ ಅಂಗಡಿಗಳ ಮುಂದೆ ನಿಂತು ಬೇಳೆ ಕೊಳ್ಳಲು ಬಂದವರನ್ನೆಲ್ಲ ಮಾತಾಡಿಸಿದಳು. ಸಭೆಯಲ್ಲಿ ಕೈ ಎತ್ತಿಸಿ ಎಣಿಸಿದ್ದರೆ ಅವಳು ಗೆಲ್ಲುತ್ತಿದ್ದಳು. ಅದು ನನಗೆ ಗೊತ್ತಿತ್ತು, ಅಂಕಲ್‌ಗೂ ಗೊತ್ತಿತ್ತು. ಆಮಿಶರು ನೆನಪಾದದ್ದು ಅದಕ್ಕೇ.

ವಾರ್ಷಿಕ ಸಭೆಯ ಮಧ್ಯಾಹ್ನ ಅವರು ಎದ್ದು ನಿಂತು, ನಮ್ಮೊಳಗೆ ವೋಟು ಬೇಡ, ಗಣಪತಿಯ ಮುಂದೆ ಇಬ್ಬರ ಹೆಸರಿನ ಚೀಟಿ ಇಟ್ಟು ಎತ್ತೋಣ ಎಂದರು. ದೇವರ ಹೆಸರು ಬಂದ ಮೇಲೆ ಬೇಡವೆನ್ನುವ ಧೈರ್ಯ ಯಾರಿಗಿದೆ? ಗೆಳತಿಯೇ ಮೊದಲು ಒಪ್ಪಿದಳು. ಅವಳಿಗೆ ದೇವರೆಂದರೆ ನಿಜವಾಗಿಯೂ ದೇವರು.

ಚೀಟಿ ಬರೆಯಲು ನನ್ನನ್ನು ಸಭೆಯ ಹಾಲ್‌ಗೆ ಸೇರಿದ ಅಡುಗೆಮನೆಗೆ ಕರೆದ ಅಂಕಲ್ ಬಾಗಿಲು ಮುಂದೆ ಮಾಡಿದರು.

"ಎರಡರಲ್ಲೂ ನನ್ನ ಹೆಸರೇ ಬರಿ ಮಗಾ. ಅವಳು ಬಂದ್ರೆ ಸಂಘ ಒಡೀತದೆ. ನಾನು ನಿಂಗೆ ಯಾವತ್ತಾದ್ರೂ ಕೆಟ್ಟದು ಹೇಳಿದ್ದುಂಟಾ?"

ಹೇಳಿರಲಿಲ್ಲ. ವಿದ್ಯಾರ್ಥಿಯಾಗಿ ಬಂದಿಳಿದಾಗ ನಾಲ್ಕು ತಿಂಗಳು ನನ್ನನ್ನು ತಮ್ಮ ಮನೆಯಲ್ಲಿಟ್ಟುಕೊಂಡವರು ಅವರು. ನಾರ್ತ್ ಸಿಡ್ನಿಯ ಕೆಲಸಕ್ಕೆ ಮಾತು ಹೇಳಿದವರೂ ಅವರೇ. ಪಿಆರ್, ಇಲ್ಲೇ ಖಾಯಂ ನೆಲೆಸುವ ಪರವಾನಗಿ, ಬಂದ ದಿನ ಅವರ ಕಾಲಿಗೆ ಬಿದ್ದಿದ್ದೆ. ಇದೆಲ್ಲ ನೆಪ. ಆಗುವುದಿಲ್ಲ ಅಂಕಲ್ ಎಂದು ಎರಡು ಮಾತು ಹೇಳಬಹುದಿತ್ತು, ಹೇಳಲಿಲ್ಲ. ನನ್ನ ಒಳ್ಳೆಯ ಅಕ್ಷರದಲ್ಲಿ, ದೀರ್ಘ ಕೊಂಬು ತಪ್ಪದ ಹಾಗೆ, ಎರಡು ಸಲ ಒಂದೇ ಹೆಸರು ಬರೆದು ಮಡಿಸಿದೆ.

ಊರಿನಿಂದ ಮಗನ ಮನೆಗೆ ಬಂದಿದ್ದ ಒಬ್ಬ ಅಜ್ಜಿ ಕಣ್ಣು ಮುಚ್ಚಿ ತಟ್ಟೆಯಿಂದ ಒಂದನ್ನು ಎತ್ತಿದರು. ಇನ್ನೊಂದನ್ನು ನಾನು ಹೂವಿನ ಜೊತೆ ಬಾಚಿ ಮುಷ್ಟಿಯಲ್ಲಿ ಹಿಡಿದುಕೊಂಡೆ. ಅಷ್ಟು ಅವಸರ ಬೇಕಿರಲಿಲ್ಲ, ಅದನ್ನು ಬಿಚ್ಚಿ ನೋಡಬೇಕೆಂದು ಗೆಳತಿಗೆ ಅನಿಸಲೇ ಇಲ್ಲ. ನೇರವಾಗಿ ಬಂದು ಅಂಕಲ್‌ಗೆ ನಮಸ್ಕಾರ ಮಾಡಿದಳು. ಬಿಸಿಬೇಳೆಬಾತ್ ಬಡಿಸಲು ನನ್ನ ಜೊತೆ ಸೌಟು ಹಿಡಿದಳು.

ಮುಂದಿನ ಭಾನುವಾರ ಅವಳ ಗ್ಯಾರೇಜಿನಲ್ಲಿ ಕಾರು ನಿಂತಿತ್ತು. ಫೋನ್ ಮಾಡಿದೆ.

"ದೇವರೇ ಬ್ಯಾಡ ಅಂದ ಮ್ಯಾಲೆ ನಾ ಯಾರು?" ಎಂದಳು. "ನಂದs ಸೊಕ್ಕಿತ್ತು ಅನಸ್ತೈತಿ. ಮಕ್ಕಳ ಹೆಸರಿನ್ಯಾಗ ನಾ ದೊಡ್ಡಾಕಿ ಆಗಾಕ ಹೊಂಟಿದ್ದೆ."

ಜನರ ಮುಂದೆ ಸೋತಿದ್ದರೆ ಅವಳು ಮುಂದಿನ ವರ್ಷ ಮತ್ತೆ ನಿಲ್ಲುತ್ತಿದ್ದಳು. ಜಗಳವಾಡುವುದು ಅವಳಿಗೆ ಚೆನ್ನಾಗಿ ಬರುತ್ತಿತ್ತು. ನಾನು ಅವಳನ್ನು ದೇವರ ಕೈಯಲ್ಲಿ ಸೋಲಿಸಿದ್ದೆ. ಹನ್ನೊಂದು ಮಕ್ಕಳು ಭಾನುವಾರ ಈಜಲು ಹೋಗತೊಡಗಿದರು.

ಒಂದು ದಿನ ಆಫೀಸಿನಲ್ಲಿ ಊಟದ ಹೊತ್ತಿಗೆ ಆಮಿಶರ ಬಗ್ಗೆ ಕಂಪ್ಯೂಟರಿನಲ್ಲಿ ಹುಡುಕಿ ಓದಿದೆ. ವೋಟು ಹಾಕಕೂಡದೆಂಬ ಕಟ್ಟಳೆ ಅವರಲ್ಲಿ ಇಲ್ಲವಂತೆ. ಹೆಚ್ಚಿನವರು ಹಾಕುವುದಿಲ್ಲ, ಕೆಲವರು ಹೋಗಿ ಹಾಕಿ ಬರುತ್ತಾರೆ. ಪಾದ್ರಿಯ ಆಯ್ಕೆಗೆ ಚೀಟಿ ಇಡುವುದು ನಿಜ. ಆದರೆ ಅದಕ್ಕೂ ಮೊದಲು ಸಭೆಯ ಒಬ್ಬೊಬ್ಬರೂ ಹೋಗಿ ತಮಗೆ ಬೇಕಾದವನ ಹೆಸರನ್ನು ಹಿರಿಯರ ಕಿವಿಯಲ್ಲಿ ಹೇಳುತ್ತಾರೆ. ಹೆಂಗಸರೂ ಹೇಳುತ್ತಾರೆ. ಸಾಕಷ್ಟು ಜನ ಹೇಳಿದ ಹೆಸರುಗಳ ನಡುವೆ ಮಾತ್ರ ಚೀಟಿ. ಪಾದ್ರಿಯಾಗುವವರು ಗಂಡಸರೇ, ಆ ಮಾತು ಬೇರೆ. ಕುದುರೆ ಗಾಡಿಯ ಆ ಹೆಂಗಸರಿಗಿದ್ದಷ್ಟು ಮಾತೂ ನಮ್ಮ ಸಭೆಯಲ್ಲಿ ಕೂತಿದ್ದ ಸಿಟಿಜನ್‌ಗಳಿಗೆ ಇರಲಿಲ್ಲ. ಅದರ ಪ್ರಿಂಟ್ ತೆಗೆದು ಬ್ಯಾಗಿನಲ್ಲಿಟ್ಟುಕೊಂಡೆ, ಅವಳಿಗೆ ತೋರಿಸಿ ಎಲ್ಲ ಹೇಳಿಬಿಡಬೇಕೆಂದು. ಅಷ್ಟರಲ್ಲಿ ಅವಳ ಗಂಡನಿಗೆ ಮೆಲ್ಬರ್ನ್‌ನಲ್ಲಿ ಕೆಲಸವಾಗಿ ಮನೆ ಖಾಲಿ ಮಾಡಿದರು.

ಎರಡು ವರ್ಷದ ಮೇಲೆ ಅಂಕಲ್ ತಮಗೆ ಬಿಪಿ, ಇನ್ನು ಸಾಕು ಎಂದರು. ಅಧ್ಯಕ್ಷಗಿರಿಗೆ ನನ್ನನ್ನೂ ಇನ್ನೊಬ್ಬರನ್ನೂ ನಿಲ್ಲಿಸಿದರು. ಮತ್ತೆ ಗಣಪತಿ, ಮತ್ತೆ ತಟ್ಟೆ, ಮತ್ತೆ ಎರಡು ಚೀಟಿ. ನನ್ನ ಹೆಸರು ಬಂತು. ಈ ಸಲ ಚೀಟಿ ಬರೆದವರು ಯಾರೆಂದು ನಾನು ಕೇಳಲಿಲ್ಲ. ಉಳಿದ ಇನ್ನೊಂದನ್ನು ಬಿಚ್ಚಿಯೂ ನೋಡಲಿಲ್ಲ.

ಆಫೀಸಿನ ಕೆಲಸಕ್ಕೆ ಮೆಲ್ಬರ್ನ್‌ಗೆ ಹೋದಾಗ ಅವಳ ಮನೆಗೆ ಹೋದೆ. ಜೋಳದ ರೊಟ್ಟಿ ಮಾಡಿದ್ದಳು. ಮಗಳು ಬಂದು ಇಂಗ್ಲಿಷಿನಲ್ಲಿ ಎರಡು ಮಾತಾಡಿ ರೂಮಿಗೆ ಹೋದಳು. ಇಲ್ಲಿ ಕನ್ನಡ ಕ್ಲಾಸು ಶುರು ಮಾಡು ಎಂದೆ. ಅವಳು ಬೇಡವೆಂದು ತಲೆಯಾಡಿಸಿ ನನ್ನ ಕೈ ಹಿಡಿದುಕೊಂಡಳು. ಮುಖದಲ್ಲಿ ಹೊಟ್ಟೆಕಿಚ್ಚಿನ ಸುಳಿವೂ ಇರಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಚೀಟಿ ಒಳಗ ನಿನ್ನ ಹೆಸರು ಬಂತಂತಲ್ಲ, ಕೇಳಿ ಭಾಳ ಖುಷಿ ಆತು. ಯಾರಿಗೆ ಕೊಡಬೇಕು ಅನ್ನೂದು ದೇವರಿಗೆ ಗೊತ್ತಿರ್ತೈತಿ ನೋಡು."

ಪ್ರಿಂಟ್ ಇನ್ನೂ ಬ್ಯಾಗಿನಲ್ಲೇ ಇತ್ತು. ನಾನು ಥ್ಯಾಂಕ್ಸ್ ಎಂದೆ.