ಆರನೇ ಕಾಲಂ

ಅನಸೂಯಮ್ಮ ನಲ್ಲಿ ನೀರನ್ನು ನಂಬಿದವರಲ್ಲ. ಐರ್ಲೆಂಡಿನ ವಾಟರ್‌ಫರ್ಡ್ ಊರಾಚೆಯ ಮಗನ ಮನೆಗೆ ಬಂದ ಮೇಲೂ ಕುಡಿಯುವ ನೀರನ್ನು ಕುದಿಸಿ, ಆರಿಸಿಯೇ ಇಡುತ್ತಿದ್ದರು. 'ಅಜ್ಜಿ, ಇಲ್ಲಿ ನೀರು ಗ್ರ್ಯಾಂಡ್, ಏನೂ ಆಗಲ್ಲ' ಎಂದು ಅಲ್ಲಿಯವರ ಧಾಟಿಯಲ್ಲಿ ಆರು ವರ್ಷದ ಮೊಮ್ಮಗಳು ಮಾನ್ಯಾ ನಗುತ್ತಿದ್ದಳು.

ಒಂದಕ್ಕೆ ಮಾತ್ರ ವಿನಾಯಿತಿ. ಕಾಯಿಸಿದ ನೀರು ದೇವರಿಗೆ ಸಲ್ಲದು. ಬೆಳಿಗ್ಗೆ ಪೂಜೆಗೆ ಹಸಿ ನೀರು. ಆಮೇಲೆ ಅದೇ ತೀರ್ಥ, ಮಗುವಿನ ಅಂಗೈಗೆ ಮೂರು ಉದ್ಧರಣೆ. ಮಾರ್ಚ್‌ನಲ್ಲಿ ಮಾನ್ಯಾಗೆ ರಕ್ತಭೇದಿ ಹಿಡಿದು ಒಂಬತ್ತು ದಿನ ಆಸ್ಪತ್ರೆ. ನಲ್ಲಿಯ ನೀರಲ್ಲಿ ಚರಂಡಿಯ ಕ್ರಿಮಿ ಸಿಕ್ಕಿತು. ಮಗು ಉಳಿಯಿತು. 'ನನ್ನ ಕೈಯಾರೆ ಕೊಟ್ಟೆ' ಎಂದ ಅನಸೂಯಮ್ಮ ಉದ್ಧರಣೆಯನ್ನು ಮತ್ತೆ ಮುಟ್ಟಲಿಲ್ಲ.

ಆ ಪಾಪ ಅವರದ್ದಲ್ಲ. ಸರ್ಕಾರಿ ಕೊಳವೆ ಬಡಾವಣೆಯ ಗೇಟಿನಾಚೆಗೇ ನಿಂತಿದೆ. ಒಳಗಿನ ಮೂವತ್ತು ಮನೆಗೆ ಬಿಲ್ಡರ್ ತೋಡಿಸಿದ ಬೋರ್‌ವೆಲ್. ಅವನ ಕಂಪನಿ ಮುಳುಗಿ, ನೀರು ಪೂರೈಸುವ ಪರವಾನಗಿ ಸತ್ತು ನಾಲ್ಕು ವರ್ಷ. ಪಂಪು ಮಾತ್ರ ತಿರುಗುತ್ತಲೇ ಇತ್ತು. ಪರವಾನಗಿ ಕೊಟ್ಟ ಸರ್ಕಾರಿ ಕಚೇರಿಯವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಕಡತದಲ್ಲಿ 'ಅವಧಿ ಮುಗಿದಿದೆ' ಎಂದು ಬರೆದು ಕಟ್ಟಿಟ್ಟಿದ್ದರು. ಪರವಾನಗಿಯೇ ಇಲ್ಲದ ನೀರು ಅವರ ವ್ಯಾಪ್ತಿಗೆ ಬರುವುದಿಲ್ಲವಂತೆ. ಲೈಸೆನ್ಸ್ ಇಲ್ಲದೆ ಕಾರು ಓಡಿಸಿ ನೋಡಿ, ಆಗ ಎಲ್ಲರ ವ್ಯಾಪ್ತಿಗೂ ಬರುತ್ತೀರಿ.

ಬಡಾವಣೆಯನ್ನು ಸರ್ಕಾರಿ ನೀರಿನ ವ್ಯಾಪ್ತಿಗೆ ಸೇರಿಸಿ ಎಂದು ಅನಸೂಯಮ್ಮ ಸೊಸೆ ಅಪರ್ಣಾಳಿಂದ ಅರ್ಜಿ ಬರೆಸಿದರು. ಎರಡು ಸಲ ವಾಪಸ್ ಬಂತು. ಆರನೇ ಕಾಲಂ ಖಾಲಿಯಂತೆ: 'ಈಗ ನಿಮಗೆ ನೀರು ಪೂರೈಸುವವರ ಹೆಸರು.' ಯಾರೂ ಇಲ್ಲ ಎಂಬುದೇ ದೂರಲ್ಲವೇ ಸ್ವಾಮಿ?

ಮೂರನೇ ಸಲ ಅತ್ತೆ ಸೊಸೆ ಕಚೇರಿಗೇ ಹೋದರು. ಕೌಂಟರಿನವನು ವಿನಯದಿಂದ ಅದನ್ನೇ ಹೇಳಿದ: ಹೆಸರಿಲ್ಲದೆ ಅರ್ಜಿ ತೆಗೆದುಕೊಳ್ಳುವಂತಿಲ್ಲ. ಅನಸೂಯಮ್ಮ ಅವನ ಎದೆಯ ಮೇಲಿನ ಬ್ಯಾಡ್ಜ್ ನೋಡಿದರು.

'ಅಪರ್ಣಾ, ಇವರ ಹೆಸರೇನು ಓದು.'

'ಡೆಕ್ಲನ್ ಫೀಲನ್. ಯಾಕತ್ತೆ?'

'ಆರನೇ ಕಾಲಮ್ಮಲ್ಲಿ ಅದನ್ನೇ ಬರಿ.'

'ಅಯ್ಯೋ, ಹಂಗೆಲ್ಲ ಬರಿಯಕ್ಕಾಗಲ್ಲ ಅತ್ತೆ.'

'ಖಾಲಿ ಬಿಟ್ರೆ ತಗೊಳಲ್ಲ ಅಂದಿದ್ದು ಅವರೇ ತಾನೆ? ಮಗು ಬಾಯಿಗೆ ಹೋಗಿದ್ದು ಯಾರ ನೀರು ಅಂತ ಗೊತ್ತಾಗೋವರೆಗೂ ಅದು ಇವರದ್ದು.'

ಅಪರ್ಣಾ ಬರೆದಳು. ಅವನ ಮುಖ ಕೆಂಪಾಯಿತು, ಹೊಡೆದುಹಾಕಿ ಎಂದ. ಅನಸೂಯಮ್ಮ ಪೆನ್ನನ್ನು ಅವನತ್ತ ಚಾಚಿ, ಹಾಗಾದರೆ ಸರಿಯಾದ ಹೆಸರು ನೀವೇ ಬರೆಯಿರಿ ಎಂದು ಸೊಸೆಯಿಂದ ಹೇಳಿಸಿದರು. ಅವನು ಪೆನ್ನು ಮುಟ್ಟಲಿಲ್ಲ. ಅರ್ಜಿ ಹಿಡಿದು ಒಳಗೆ ಹೋದವನು ಇಪ್ಪತ್ತು ನಿಮಿಷದ ಮೇಲೆ ಬಂದು ಸ್ವೀಕೃತಿಯ ಮೊಹರು ಒತ್ತಿದ. ಆರನೇ ಕಾಲಮ್ಮಿನ ಮೇಲೆಯೇ, ತನ್ನ ಹೆಸರಿನ ಒಂದಕ್ಷರವೂ ಕಾಣದ ಹಾಗೆ.