ಮ್ಯಾನೇಜರನ ಬುತ್ತಿ

ನನ್ನ ಮಗಳು ತಪ್ಪು ಮಾಡಿರಲಿಲ್ಲ. ಮಾಡಿದ್ದು ಅವಳ ಮ್ಯಾನೇಜರ್, ಅದನ್ನು ಅವಳ ತಲೆಗೆ ಕಟ್ಟಲು ನೋಡಿದ್ದೂ ಅವನೇ. ನಡೆದದ್ದು ಇಷ್ಟೇ.

ಗಲ್ಫಿನಲ್ಲಿ, ಸೀಫ್ ಅನ್ನುವ ಕಡೆ ಇದ್ದ ಅವರ ಕಂಪನಿ ಬೇರೆ ಆಫೀಸುಗಳಿಗೆ ನೆಟ್‌ವರ್ಕ್ ಪೆಟ್ಟಿಗೆ ಮಾಡಿಕೊಡುತ್ತಿತ್ತು. ಅದರ ಹೊಟ್ಟೆಯೊಳಗೆ ಕರ್ನೆಲ್ ಅಂತ ಒಂದು ಪ್ರೋಗ್ರಾಂ ಇರುತ್ತದಂತೆ, ಎಲ್ಲವನ್ನೂ ನಡೆಸುವುದು ಅದೇ. ಮುಂದೆ ಹೋಗಬೇಕಾದ ಪ್ಯಾಕೆಟುಗಳು, ಅಂದರೆ ಮಾಹಿತಿಯ ತುಣುಕುಗಳು, ಅಲ್ಲಿ ಸಾಲಾಗಿ ಕಾಯುತ್ತವೆ. ಲೈನ್ ಮುಚ್ಚುವಾಗ ಆ ಸಾಲನ್ನು ತೆಗೆದು ಚೊಕ್ಕ ಮಾಡಬೇಕು. ನನಗೆ ಅರ್ಥ ಆಗಲಿ ಅಂತ ಮಗಳು ಊಟದ ಪಂಕ್ತಿಯ ಲೆಕ್ಕದಲ್ಲಿ ಹೇಳಿದಳು. ಮೊದಲು ಹೊಸಬರು ಬಂದು ಕೂರದ ಹಾಗೆ ಬಾಗಿಲು ಹಾಕಬೇಕು, ಉಣ್ಣುತ್ತಿರುವವರು ಏಳುವ ತನಕ ಕಾಯಬೇಕು, ಆಮೇಲೆ ಎಲೆ ತೆಗೆಯಬೇಕು. ಒಬ್ಬರ ಕೈ ಇನ್ನೂ ಎಲೆಯಲ್ಲಿರುವಾಗ ಎಳೆದರೆ ಇಡೀ ಯಂತ್ರವೇ ನಿಂತುಹೋಗುತ್ತದೆ.

ಅವಳು ಪ್ರೋಗ್ರಾಂ ಅನ್ನು ಹಾಗೆ ಕಾಯುವಂತೆಯೇ ಬರೆದಿದ್ದಳು. ಮುಚ್ಚಲು ತಡ ಆಗುತ್ತದೆ ಅಂತ ಮ್ಯಾನೇಜರ್ ಆ ಕಾಯುವ ಭಾಗವನ್ನೇ ಕಿತ್ತು ಹಾಕಿದ. ಗಿರಾಕಿಯ ಆಫೀಸಿನಲ್ಲಿ ಪೆಟ್ಟಿಗೆಗಳು ಒಂದರ ಹಿಂದೆ ಒಂದು ನಿಂತವು.

ಶನಿವಾರ ಮ್ಯಾನೇಜರ್ ರಿಫಾದ ನಮ್ಮ ಫ್ಲ್ಯಾಟಿಗೆ ಊಟಕ್ಕೆ ಬಂದ. ನಮ್ಮ ಕಡೆಯವನೇ. ಹೆಂಡತಿ ಊರಲ್ಲಿದ್ದಾಳೆ ಅಂತ ದಿನಾ ಮಗಳ ಕೈಯಲ್ಲಿ ಅವನಿಗೂ ಒಂದು ಬುತ್ತಿ ಕಳಿಸುತ್ತಿದ್ದೆ. ಕೋಳಿ ಸಾರು ಎರಡು ಸಲ ಹಾಕಿಸಿಕೊಂಡ. ಕಿತ್ತದ್ದು ತಾನೇ ಅಂತಲೂ ಒಪ್ಪಿದ, ನಾಚಿಕೆಯಿಲ್ಲದೆ. ಆದರೆ ತಪ್ಪು ಅವಳದೇ ಅಂತ ಮಗಳು ಮೇಲಿನವರಿಗೆ ಬರೆದುಕೊಡಬೇಕಂತೆ.

"ನಿನ್ನನ್ನು ನಾನು ನೋಡಿಕೊಳ್ಳುತ್ತೇನೆ ಮಾರಾಯ್ತಿ," ಅಂದ. "ನಾವು ನಾವೇ ಅಲ್ವಾ?"

ಬರೆದುಕೊಟ್ಟರೆ ಕೆಲಸ ಹೋಗುತ್ತದೆ, ಕೆಲಸದ ಹಿಂದೆ ವೀಸಾ. ಅಷ್ಟು ನನಗೂ ಗೊತ್ತು. ಅಳಿಯ ತಲೆ ತಗ್ಗಿಸಿ ಮೂಳೆ ಚೀಪುತ್ತಿದ್ದ. ಮಗಳು ಯೋಚಿಸಿ ಹೇಳುತ್ತೇನೆ ಅಂದಳು. ನನ್ನ ಮೈ ಉರಿಯಿತು. ಯೋಚಿಸಲಿಕ್ಕೆ ಏನಿತ್ತು? ಅವನು ಹೋದ ಮೇಲೆ ಅವಳಿಗೆ ಸರಿಯಾಗಿ ಬೈದೆ.

"ಅತ್ತೆ, ಆಫೀಸಿನ ವಿಷಯ ನಿಮಗೆ ಬೇಡ," ಅಂದ ಅಳಿಯ.

ಅಂಥವನಿಗೆ ಬೇಯಿಸಿ ಹಾಕುವುದು ಮಾತ್ರ ನನ್ನ ವಿಷಯವೋ ಅಂತ ಕೇಳಿದೆ. ಅವನು ಎದ್ದು ಟಿವಿ ಹಾಕಿದ.

ಇಲ್ಲಿ ಭಾನುವಾರ ಆಫೀಸು ಇರುತ್ತದೆ. ಮರುದಿನ ಬೆಳಿಗ್ಗೆ ನೀರುದೋಸೆ ಹೊಯ್ದೆ. ಒಂದೇ ಬುತ್ತಿ ಕಟ್ಟಿದೆ. ಇನ್ನೊಂದು ಎಲ್ಲಿ ಅಂತ ಮಗಳು ಕೇಳಿದಳು.

"ಕಟ್ಟಿಲ್ಲ. ಯಾಕೆ ಅಂತ ಮ್ಯಾನೇಜರ್ ಕೇಳಿದರೆ ನಡೆದದ್ದನ್ನು ಅವನ ಮುಖಕ್ಕೇ ಹೇಳು. ಮೇಲಿನವರಿಗೂ ಅದನ್ನೇ ಹೇಳು."

ಮಗಳು ಒಂದೇ ಬುತ್ತಿ ಹಿಡಿದು ಹೊರಟಳು. ಅವನಿಗೆ ಕಳಿಸುತ್ತಿದ್ದ ಸ್ಟೀಲ್ ಡಬ್ಬಿಯನ್ನು ಒರೆಸಿ ನಾನು ಉದ್ದಿನಬೇಳೆ ತುಂಬಿಟ್ಟೆ.