ವಿಮಾನ ಹತ್ತದ ವಿಮಾನ ಪಂಡಿತ

ಒಮ್ಮೆಯೂ ವಿಮಾನ ಹತ್ತದೆ ಊರಿಗೆಲ್ಲ ವಿಮಾನದ ಬುದ್ಧಿ ಹೇಳುವವರ ಪೈಕಿ ನಾನೂ ಒಬ್ಬ. ಸಿಂಧನೂರಿನ ನನ್ನ ಆನ್‌ಲೈನ್ ಸೆಂಟರಿನಲ್ಲಿ ಕುಳಿತು, ನಮ್ಮ ಜನ ಕನ್ನಡದಲ್ಲೇ ವಿಮಾನ ಹುಡುಕಲಿ ಎಂದು ವೆಬ್‌ಸೈಟ್ ಕಟ್ಟಿದ್ದೇನೆ. ವಿಮಾನ ನಿಲ್ದಾಣವೇ ಇಲ್ಲದ ಪಕ್ಕದೂರು ಮಸ್ಕಿಯ ಹೆಸರನ್ನು ಹೇಗೆ ತಪ್ಪಾಗಿ ಬರೆದರೂ ಸರಿ, ಹತ್ತಿರದ ಹುಬ್ಬಳ್ಳಿ, ಕಲಬುರಗಿ, ಹೈದರಾಬಾದ್ ವಿಮಾನಗಳನ್ನೆಲ್ಲ ತೋರಿಸುತ್ತದೆ. ಲಿಂಗಸುಗೂರು ಬಸ್ಸಿನಲ್ಲಿ ಪಕ್ಕ ಕುಳಿತವರಿಗೂ, "ಕಿಟಕಿ ಸೀಟು ತಗೋರಿ, ರೆಕ್ಕಿ ಮ್ಯಾಲಿಂದು ಬ್ಯಾಡ" ಎನ್ನುತ್ತೇನೆ. ವೆಬ್‌ಸೈಟಿನ ಬಟನ್ ನೀಲಿಯಿರಲೋ ಹಸಿರಿರಲೋ ಎಂದು ವಾರಗಟ್ಟಲೆ ತಲೆ ಕೆಡಿಸಿಕೊಂಡಾಗ ಹೆಂಡತಿ ರಾಜಶ್ರೀ, "ವಿಮಾನಕ್ಕಿಂತ ನೀವ ಭಾಳ ಹಾರಾಕತ್ತೀರಿ" ಎಂದಳು. ಕಳೆದ ತಿಂಗಳು, ಬಂಗಾಳಿ ನಿರಾಶ್ರಿತರು ನೆಲೆಸಿರುವ ಇಲ್ಲಿನ ಆರ್.ಎಚ್. ಕ್ಯಾಂಪಿನ ಶೆಫಾಲಿ ಮಂಡಲ್ ಬಂದರು. ಕೋಲ್ಕತ್ತಾದಲ್ಲಿ ಅವರ ಅಕ್ಕ ಆಸ್ಪತ್ರೆಯಲ್ಲಿದ್ದರು. ನಾನು ಹುರುಪಿನಿಂದ ಅಗ್ಗದ ಟಿಕೆಟ್, ಒಳ್ಳೆಯ ಸೀಟು, ಊಟ ಎಂದು ಒಂದೊಂದೇ ತೋರಿಸುತ್ತ ಹೋದೆ. ಅವರು ನನ್ನ ಕೈ ತಡೆದು, "ಅಣ್ಣಾ, ಅಕ್ಕಗ ಭಾಳ ಸೀರಿಯಸ್ ಐತ್ರೀ. ಎಲ್ಲಕ್ಕಿಂತ ಮೊದ್ಲ ಯಾವುದು ಮುಟ್ಟತೈತಿ, ಅಷ್ಟ ಹೇಳ್ರಿ" ಎಂದರು. ಅದನ್ನು ಹೇಳುವ ಬಟನ್ ನನ್ನ ವೆಬ್‌ಸೈಟಿನಲ್ಲೇ ಇರಲಿಲ್ಲ. ನಾಚಿಕೆಯಾಯಿತು. ಒಂದೊಂದೇ ವಿಮಾನದ ವೇಳೆ ಹೋಲಿಸಿ, ಹೈದರಾಬಾದಿನಿಂದ ಟಿಕೆಟ್ ಮಾಡಿ, ಅವರೊಬ್ಬರನ್ನೇ ಕಳಿಸಲು ಮನಸ್ಸಾಗದೆ ಕಾರಿನಲ್ಲಿ ನಾನೇ ಕರೆದೊಯ್ದೆ. ಎಲ್ಲ ತಿಳಿದವನಂತೆ ಮುಂದೆ ನಡೆದ ನನ್ನನ್ನು ವಿಮಾನ ನಿಲ್ದಾಣದ ಕಾವಲಿನವನು ಟಿಕೆಟ್ ಕೇಳಿ ಬಾಗಿಲಲ್ಲೇ ನಿಲ್ಲಿಸಿದ. ಶೆಫಾಲಿ ಒಬ್ಬರೇ ಒಳಗೆ ಹೋದರು, ತಿರುಗಿ ಕೂಡ ನೋಡಲಿಲ್ಲ. ಮರುದಿನ ಅವರ ಫೋನ್ ಬಂತು. ಬಹಳ ಹೊತ್ತು ಅತ್ತು, ಆಮೇಲೆ ಮೆಲ್ಲಗೆ ಹೇಳಿದರು: "ಅಕ್ಕ ಗುರ್ತು ಹಿಡದಳ್ರೀ ಅಣ್ಣಾ. ನನ್ನ ಕೈ ಬಿಡವಲ್ಲಳು."